ತಾಳೆ ನೋಡಿದ್ದಕ್ಕೂ ಅಂಕವಿರಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಗಣಿತದ ಒಂಬತ್ತನೇ ಅಧ್ಯಾಯ ಅವಕಲ ಸಮೀಕರಣಗಳದು, ಅಂದರೆ ಒಂದು ಪರಿಮಾಣವನ್ನು ಅದು ಬದಲಾಗುವ ದರದೊಡನೆ ಜೋಡಿಸುವ ಸಮೀಕರಣಗಳದು. ಕೊಟ್ಟಿರುವ ಫಲನವು ಕೊಟ್ಟಿರುವ ಸಮೀಕರಣದ ಪರಿಹಾರ ಹೌದೆಂದು ತೋರಿಸುವ ಲೆಕ್ಕಗಳು ಅದರ 9.2ನೇ ಅಭ್ಯಾಸದಲ್ಲಿವೆ. ಆ ಅಭ್ಯಾಸ ಮುಗಿದ ಮೇಲೆ ವಿದ್ಯಾರ್ಥಿಗಳು ಸಮೀಕರಣಗಳನ್ನು ತಾವೇ ಬಿಡಿಸತೊಡಗುತ್ತಾರೆ. ಆದರೆ ಹಾಗೆ ಬಂದ ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ತಾಳೆ ನೋಡುವವರು ತೀರಾ ವಿರಳ. ಬೆಂಗಳೂರಿನಲ್ಲಿ ಬಹುಕಾಲ ಗಣಿತ ಬೋಧಿಸಿದ ನಾನು, ಈ ಕೊನೆಯ ಹೆಜ್ಜೆಗೂ ಪರೀಕ್ಷೆಯಲ್ಲಿ ಅಂಕ ಮೀಸಲಿಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಸಮೀಕರಣವನ್ನು ಬಿಡಿಸುವುದಕ್ಕೆ ಅನುಕಲನ (ದರದಿಂದ ಮೂಲ ಫಲನವನ್ನು ಕಂಡುಹಿಡಿಯುವುದು) ಬೇಕು, ಅದರಲ್ಲಿ ಜಾಣ್ಮೆಯೂ ಬೇಕು. ಬಂದ ಉತ್ತರವನ್ನು ಪರೀಕ್ಷಿಸುವುದಕ್ಕಾದರೋ ಐದನೇ ಅಧ್ಯಾಯದಲ್ಲೇ ಕಲಿತ ಅವಕಲನ (ಫಲನ ಬದಲಾಗುವ ದರವನ್ನು ಕಂಡುಹಿಡಿಯುವುದು) ಸಾಕು. ಪುಸ್ತಕದ ಕೊನೆಯ ಪುಟಗಳನ್ನು ತಿರುವದೆ, ಉಪನ್ಯಾಸಕರನ್ನೂ ಕೇಳದೆ, ತನ್ನ ಉತ್ತರ ಸರಿಯೇ ಎಂದು ವಿದ್ಯಾರ್ಥಿ ತಾನೇ ನಿರ್ಣಯಿಸಬಹುದಾದ ಇಂಥ ಅವಕಾಶ ಶಾಲಾ ಗಣಿತದಲ್ಲಿ ಹೆಚ್ಚಾಗಿ ಸಿಗುವುದಿಲ್ಲ.

ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ಒಂದು ತಪ್ಪನ್ನು ನೋಡಿ. ಡಿವೈ/ಡಿಎಕ್ಸ್ + ವೈ = ಎಕ್ಸ್ ಎಂಬ ಸಮೀಕರಣವನ್ನು (ಡಿವೈ/ಡಿಎಕ್ಸ್ ಎಂದರೆ ಎಕ್ಸ್ ಬದಲಾದಂತೆ ವೈ ಬದಲಾಗುವ ದರ) ಬಿಡಿಸುವಾಗ ಎರಡೂ ಬದಿಗಳನ್ನು ಇ ಘಾತ ಎಕ್ಸ್‌ನಿಂದ ಗುಣಿಸಿ, ಅನುಕಲನ ಮಾಡಿ, ಸ್ಥಿರಾಂಕ ಸಿ ಸೇರಿಸಿ, ಕೊನೆಗೆ ಮತ್ತೆ ಇ ಘಾತ ಎಕ್ಸ್‌ನಿಂದ ಭಾಗಿಸಬೇಕು. ಆ ಆತುರದಲ್ಲಿ ಸಿ-ಯನ್ನು ಭಾಗಿಸದೆ ಬಿಟ್ಟ ವಿದ್ಯಾರ್ಥಿ ವೈ = ಎಕ್ಸ್ − 1 + ಸಿ ಎಂದು ಬರೆಯುತ್ತಾನೆ. ಇದನ್ನು ಅವಕಲಿಸಿದರೆ 1 ಬರುತ್ತದೆ; ಅದಕ್ಕೆ ವೈ ಕೂಡಿಸಿದರೆ ಎಕ್ಸ್ + ಸಿ ಆಗುತ್ತದೆಯೇ ಹೊರತು ಎಕ್ಸ್ ಆಗುವುದಿಲ್ಲ. ತಪ್ಪಿದೆ ಎಂಬುದು ಮಾತ್ರವಲ್ಲ, ಅದು ಸಿ ಇರುವ ಪದದಲ್ಲಿದೆ ಎಂಬುದೂ ಎರಡು ಸಾಲುಗಳಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಸೂಕ್ಷ್ಮವಾದದ್ದು. ಡಿವೈ/ಡಿಎಕ್ಸ್ ವೈ-ಯ ಧನ ವರ್ಗಮೂಲಕ್ಕೆ ಸಮವೆಂದಿದ್ದರೆ, ಎಕ್ಸ್ ವರ್ಗವನ್ನು 4ರಿಂದ ಭಾಗಿಸಿದ ಫಲನ ಪರಿಹಾರವೆಂದು ಯಾರಾದರೂ ಹೇಳಿಯಾರು. ಎಕ್ಸ್ = −2 ಇಟ್ಟು ನೋಡಿ: ವೈ 1, ಅದರ ವರ್ಗಮೂಲ 1, ಆದರೆ ಅವಕಲನದಿಂದ ಬರುವುದು −1. ಅಂದರೆ ಈ ಪರಿಹಾರ ಎಕ್ಸ್ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿರುವಲ್ಲಿ ಮಾತ್ರ ಸಲ್ಲುತ್ತದೆ. ಪರಿಹಾರವೆಂದರೆ ಬರಿಯ ಸೂತ್ರವಲ್ಲ, ಅದು ಎಲ್ಲಿಂದ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದೂ ಅದರ ಭಾಗವೆಂದು ಇಷ್ಟು ಚೆನ್ನಾಗಿ ಮನದಟ್ಟು ಮಾಡುವ ಲೆಕ್ಕ ನನಗೆ ಬೇರೆ ಕಂಡಿಲ್ಲ.

ತಾಳೆ ನೋಡುವುದಕ್ಕೂ ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಡಿವೈ/ಡಿಎಕ್ಸ್ = ವೈ ವರ್ಗ ಎಂಬುದನ್ನು ಬಿಡಿಸಲು ವೈ ವರ್ಗದಿಂದ ಭಾಗಿಸಿದ ಕ್ಷಣವೇ ವೈ = 0 ಎಂಬ ಪರಿಹಾರ ಕೈಬಿಟ್ಟುಹೋಗುತ್ತದೆ; ಉಳಿದ ಉತ್ತರವನ್ನು ಎಷ್ಟು ಸಲ ಪರೀಕ್ಷಿಸಿದರೂ ಕಳೆದುಹೋದದ್ದು ಮರಳಿ ಬರುವುದಿಲ್ಲ. ಎರಡನೇ ದರ್ಜೆಯ, ಅಂದರೆ ಎರಡು ಸಲ ಅವಕಲಿಸಿದ ಪದವಿರುವ ಸಮೀಕರಣಕ್ಕೆ ಒಂದೇ ಸ್ಥಿರಾಂಕವಿರುವ ಉತ್ತರ ಬರೆದವನೂ ತಾಳೆಯಲ್ಲಿ ಪಾಸಾಗಬಹುದು, ಆದರೆ ಅದು ಎರಡು ಸ್ಥಿರಾಂಕಗಳಿರಬೇಕಾದ ಸಾಮಾನ್ಯ ಪರಿಹಾರವಲ್ಲ. ಆದ್ದರಿಂದ ಸ್ಥಿರಾಂಕಗಳನ್ನು ಎಣಿಸುವುದು, ಸೊನ್ನೆಯಿಂದ ಭಾಗಿಸಿದ ಸಂಭವವಿದೆಯೇ ಎಂದು ಹಿಂದಿರುಗಿ ನೋಡುವುದು, ಆರಂಭಿಕ ನಿಬಂಧನೆಯನ್ನು (ಆರಂಭದಲ್ಲಿ ವೈ-ಗೆ ಕೊಟ್ಟಿರುವ ಬೆಲೆಯನ್ನು) ಉತ್ತರದಲ್ಲಿ ಇಟ್ಟು ನೋಡುವುದು, ಇವೂ ಪರೀಕ್ಷಿಸುವ ಕ್ರಮದೊಳಗೇ ಸೇರಬೇಕು.

ಎಂಜಿನಿಯರಿಂಗ್ ಕಾಲೇಜು ಸೇರಿದ ಮೇಲೆ ಇದೇ ಮಕ್ಕಳು ಸಮೀಕರಣಗಳನ್ನು ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಅದೇ ಡಿವೈ/ಡಿಎಕ್ಸ್ = ವೈ ವರ್ಗವನ್ನು, ಎಕ್ಸ್ 0 ಇದ್ದಾಗ ವೈ 1 ಎಂಬ ನಿಬಂಧನೆಯೊಡನೆ, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಅಂದಾಜು ಉತ್ತರ ಕಟ್ಟುವ ಆಯ್ಲರ್ ವಿಧಾನದಲ್ಲಿ 0.1ರ ಹೆಜ್ಜೆಯಿಟ್ಟು ಬಿಡಿಸಿದರೆ ಎಕ್ಸ್ = 1ರಲ್ಲಿ ಸುಮಾರು 6.13 ಎಂಬ ಸಭ್ಯವಾಗಿ ಕಾಣುವ ಸಂಖ್ಯೆ ಬರುತ್ತದೆ. ನಿಜವಾದ ಪರಿಹಾರವಾದರೋ ಅಲ್ಲಿಗೆ ಬರುವಷ್ಟರಲ್ಲಿ ಅನಂತಕ್ಕೆ ಏರಿಬಿಟ್ಟಿರುತ್ತದೆ. ಹೆಜ್ಜೆಯನ್ನು ಅರ್ಧಕ್ಕಿಳಿಸಿ, ಮತ್ತೆ ಅರ್ಧಕ್ಕಿಳಿಸಿ ನೋಡಿದವರಿಗೆ ಆ ಸಂಖ್ಯೆ ನೆಲೆ ನಿಲ್ಲದೆ ಬೆಳೆಯುತ್ತಲೇ ಹೋಗುವುದು ಕಾಣುತ್ತದೆ, ನೋಡದವರು 6.13 ಎಂದೇ ವರದಿ ಬರೆಯುತ್ತಾರೆ. ಉಪಗ್ರಹ, ವಿಮಾನಗಳ ಲೆಕ್ಕ ನಡೆಯುವ ಈ ಊರಿನಲ್ಲಿ ಅಂಥ ವರದಿ ಸಣ್ಣ ವಿಷಯವಲ್ಲ. ಕೇಳಿದೊಡನೆ ಉತ್ತರ ಬಿಡಿಸಿಕೊಡುವ ಮೊಬೈಲ್ ಆ್ಯಪ್‌ಗಳು ಹೈಸ್ಕೂಲು ಮಕ್ಕಳ ಕೈಗೂ ಬಂದಿರುವಾಗ, ಬಂದ ಉತ್ತರವನ್ನು ಪರಿಶೀಲಿಸುವ ಅಭ್ಯಾಸ ಇನ್ನಷ್ಟು ಬೇಗ ಬೇರೂರಬೇಕು.

ಸಿಇಟಿಯಲ್ಲಿ 80 ನಿಮಿಷಕ್ಕೆ 60 ಗಣಿತ ಪ್ರಶ್ನೆಗಳಿರುವುದರಿಂದ ಆಯ್ಕೆಗಳನ್ನು ಒಂದೊಂದಾಗಿ ಸಮೀಕರಣಕ್ಕೆ ಹಾಕಿ ನೋಡುವುದನ್ನು ಕೋಚಿಂಗ್‌ನಲ್ಲಿ ಉಪಾಯವೆಂದು ಹೇಳಿಕೊಡುತ್ತಾರೆ. ಗಣಿತದ ನ್ಯಾಯವಾದ ಒಂದು ವಿಧಾನವನ್ನು ಮಕ್ಕಳು ಹೀಗೆ ಅಡ್ಡದಾರಿಯೆಂದು ತಿಳಿಯುವುದು ನನಗೆ ಬೇಸರದ ಸಂಗತಿ.

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಅವಕಲ ಸಮೀಕರಣದ ದೊಡ್ಡ ಪ್ರಶ್ನೆಗಳಲ್ಲಿ ‘ನಿಮ್ಮ ಉತ್ತರವನ್ನು ತಾಳೆ ನೋಡಿ’ ಎಂಬ ಸೂಚನೆ ಸೇರಿಸಿ, ಅದಕ್ಕೆ ಒಂದು ಅಂಕ ನಿಗದಿಪಡಿಸಲಿ. ಉತ್ತರ ತಪ್ಪಾಗಿದ್ದರೂ, ಪರೀಕ್ಷಿಸಿ ‘ಇದು ಸಮೀಕರಣಕ್ಕೆ ಹೊಂದುತ್ತಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದ ವಿದ್ಯಾರ್ಥಿಗೂ ಆ ಅಂಕ ಸಿಗಬೇಕು. ಇದರಿಂದ ಸಮಯ ಸಾಲದಾಗುತ್ತದೆ ಎಂಬ ಆಕ್ಷೇಪ ಬರಬಹುದು. ಎರಡು ಮೂರು ಸಾಲುಗಳ ಈ ಕೆಲಸಕ್ಕಾಗಿ ಪತ್ರಿಕೆಯಿಂದ ಒಂದು ಅಂಕದ ಬೇರೊಂದು ಪ್ರಶ್ನೆಯನ್ನು ಕೈಬಿಟ್ಟರೆ ಸಾಕು. ಮುಂದಿನ ಮಾದರಿ ಪ್ರಶ್ನೆಪತ್ರಿಕೆಯಲ್ಲೇ ಇದನ್ನು ಪ್ರಾಯೋಗಿಕವಾಗಿ ಅಳವಡಿಸಬೇಕೆಂದು ಮಂಡಳಿಯನ್ನು ವಿನಂತಿಸುತ್ತೇನೆ.

– ನಿವೃತ್ತ ಗಣಿತ ಉಪನ್ಯಾಸಕ, ಬಸವನಗುಡಿ, ಬೆಂಗಳೂರು