ರೇಡಿಯೋ ಗಾಜಿನ ಮೇಲಿನ ಕೆಂಪು ಚುಕ್ಕೆ

ದೂರವಾಣಿನಗರ, ಬೆಂಗಳೂರು

ಚಿ. ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನು ಕಳಿಸಿದ ವಿಡಿಯೋ ಮೂರು ಸಲ ನೋಡಿದೆ. ಪುಸ್ತಕದ ಹಾಗೆ ಮಡಿಸುವ ಫೋನು! ಆ ಪರದೆ ಬಿರುಕು ಬಿಡದೆ ಹೇಗೆ ಮಡಿಸಿಕೊಳ್ಳುತ್ತದೆ, ನಡುವಿನ ಕೀಲು ಎಷ್ಟು ಸಾವಿರ ಸಲ ತಡೆದೀತು ಅಂತ ಯೋಚಿಸುತ್ತಾ ರಾತ್ರಿ ನಿದ್ದೆಯೇ ಹತ್ತಲಿಲ್ಲ. "ತಗೊಳ್ಳಲಾ ದೊಡ್ಡಮ್ಮ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಬಾಯಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸ ಸಾಮಾನು ಕಂಡರೆ ನಿನ್ನ ಕಣ್ಣು ಅರಳುತ್ತದಲ್ಲ, ಅದು ಕೆಟ್ಟ ಚಾಳಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ನನಗೆ ಅನ್ನ ಕೊಟ್ಟಿದ್ದೇ ಅಂಥ ಸಾಮಾನು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ ಶುರುವಾದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಗೆ ಸೇರಿದಾಗ ನನಗೆ ಇಪ್ಪತ್ತು ವರ್ಷ. ಕಪ್ಪು ಟೆಲಿಫೋನಿನ ಡಯಲ್ ಜೋಡಿಸುವ ಕೆಲಸ.

ಡಯಲ್ ಅಂದರೆ ನೀನು ತಿರುಗಿಸುವಾಗ ಕೆಲಸ ಮಾಡುವುದಿಲ್ಲ ಕಣೋ. ಬೆರಳು ತೆಗೆದ ಮೇಲೆ ಅದು ವಾಪಸ್ ಬರುವಾಗ ಮಾಡುತ್ತದೆ. ಐದು ತಿರುಗಿಸಿದರೆ ಲೈನು ಐದು ಸಲ ಕಡಿದು ಕೂಡುತ್ತದೆ. ಸೊನ್ನೆಗೆ ಹತ್ತು ಸಲ. ಆಗಿನ ಎಕ್ಸ್‌ಚೇಂಜಿನಲ್ಲಿ ಒಂದು ಲೋಹದ ಕೈ ಅಷ್ಟೇ ಮೆಟ್ಟಿಲು ಟಕಟಕ ಅಂತ ಹತ್ತುತ್ತಿತ್ತು. ಸೆಕೆಂಡಿಗೆ ಹತ್ತು ಮಿಡಿತ ಬರಬೇಕು. ವೇಗ ತೀರಾ ಜಾಸ್ತಿಯಾದರೂ ರಾಂಗ್ ನಂಬರ್, ತೀರಾ ಕಡಿಮೆಯಾದರೂ ರಾಂಗ್ ನಂಬರ್. ಡಯಲ್ ಬಿಟ್ಟು ಅದರ "ಕಿರ್ರ್" ಸದ್ದು ಕೇಳಿದರೆ ಸಾಕು, ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಈಗಲೂ ಆ ಸದ್ದು ನನ್ನ ಕಿವಿಯಲ್ಲಿದೆ.

ಊರಿಗೆಲ್ಲ ಫೋನ್ ತಯಾರಿಸಿ ಕೊಡುತ್ತಿದ್ದ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಅರ್ಜಿ ಹಾಕಿ ಏಳು ವರ್ಷ ಕಾದೆವು. ಅಲ್ಲಿಯವರೆಗೆ ಎದುರುಮನೆ ನಂಬರ್ ಕೊಟ್ಟು ಪಕ್ಕದಲ್ಲಿ ಪಿ.ಪಿ., ಅಂದರೆ ಬೇರೆಯವರ ಫೋನು, ನಮ್ಮನ್ನು ಕರೆಸಿ ಅಂತ ಬರೆಯುತ್ತಿದ್ದೆವು. ನಿಮ್ಮಮ್ಮನ ಮದುವೆ ಗೊತ್ತಾದ ಸುದ್ದಿ ಬಂದಿದ್ದೂ ಆ ಫೋನಿಗೇ. ಎದುರುಮನೆ ಅಜ್ಜಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದಿದ್ದರು. ಫೋನ್ ಅವರದು, ಸಂತೋಷ ಇಡೀ ಸಾಲುಮನೆಯದು.

ಅದಕ್ಕೂ ಮುಂಚಿನ ಇನ್ನೊಂದು ಸಂಗತಿ ಹೇಳಬೇಕು. ನಿನ್ನ ತಾತ ವಾಲ್ವ್ ರೇಡಿಯೋ ತಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಸ್ವಿಚ್ ಹಾಕಿದ ಕೂಡಲೇ ಹಾಡುತ್ತಿರಲಿಲ್ಲ. ಒಳಗಿನ ವಾಲ್ವ್ ಬಿಸಿಯಾಗಬೇಕು. ಆಮೇಲೆ ಮೆಲ್ಲಗೆ ಹಸಿರು ಕಣ್ಣು ಹೊತ್ತಿಕೊಳ್ಳುತ್ತಿತ್ತು. ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಗಾಜಿನ ಮೇಲಿದ್ದ ಅಂಕಿಗಳೆಲ್ಲ ಇಂಗ್ಲಿಷ್. ಮನೆಯಲ್ಲಿ ಯಾರೂ ಇಲ್ಲದಾಗ ಅಜ್ಜಿ ರೇಡಿಯೋ ಎದುರು ಸುಮ್ನೆ ಕೂತಿರುತ್ತಿದ್ದರು, ಮುಟ್ಟುತ್ತಿರಲಿಲ್ಲ. ಒಂದು ಸಂಜೆ ತಾತ ಅದನ್ನು ಗಮನಿಸಿದರು. ಪಕ್ಕದ ಮನೆ ಹುಡುಗಿಯಿಂದ ಉಗುರಿಗೆ ಹಚ್ಚುವ ಕ್ಯೂಟೆಕ್ಸ್ ತರಿಸಿ, ಬೆಂಗಳೂರು ಆಕಾಶವಾಣಿ ಸಿಗುವ ಜಾಗದಲ್ಲಿ ಗಾಜಿನ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟರು. "ಅಮ್ಮ, ಮುಳ್ಳು ಈ ಚುಕ್ಕೆ ಹತ್ತಿರ ಬರೋವರೆಗೂ ತಿರುಗಿಸು" ಅಂದರು. ಮಾರನೇ ದಿನ ನಾನು ಸ್ಕೂಲಿಂದ ಬಂದಾಗ ಅಜ್ಜಿ ಒಬ್ಬರೇ ಕೂತು ಪ್ರದೇಶ ಸಮಾಚಾರ ಕೇಳುತ್ತಿದ್ದರು. ಆ ಮುಖ ನಾನು ಮರೆತಿಲ್ಲ.

ಪುಟ್ಟು, ನಿಮ್ಮ ಮನೆಯಲ್ಲಿ ಆ ಚುಕ್ಕೆ ಇಡುವವರು ಯಾರು?

ಹೋದ ತಿಂಗಳು ಗ್ಯಾಸ್ ಸಿಲಿಂಡರ್ ವಾಪಸ್ ಹೋಯಿತಲ್ಲ, ನೀನು ಮರೆತಿರಬೇಕು. ನಾನು ಅವತ್ತು ನಿಮ್ಮ ಮನೆಯಲ್ಲೇ ಇದ್ದೆ. ಹುಡುಗ ಮೂರನೇ ಮಹಡಿಗೆ ಹೆಗಲ ಮೇಲೆ ಹೊತ್ತು ತಂದಿದ್ದ. ಓಟಿಪಿ ಕೇಳಿದ. ಅದು ನಿನ್ನ ನಂಬರಿಗೆ ಬಂದಿತ್ತು, ನೀನು ಮೀಟಿಂಗಿನಲ್ಲಿದ್ದೆ. ನಿಮ್ಮಮ್ಮ ನಾಲ್ಕು ಸಲ ಫೋನ್ ಮಾಡಿದಳು. ಐದನೇ ಸಲಕ್ಕೆ ಅವಳ ಫೋನೇ ಸತ್ತುಹೋಯಿತು. ಅದು ನಿನ್ನ ಹಳೇ ಫೋನು, ಬ್ಯಾಟರಿ ಮಧ್ಯಾಹ್ನದವರೆಗೂ ನಿಲ್ಲುವುದಿಲ್ಲ. ಮೂವತ್ತು ವರ್ಷ ಮನೆ ನಡೆಸಿದವಳು ಆ ಹುಡುಗನ ಹತ್ತಿರ "ಸ್ವಲ್ಪ ಇರಪ್ಪ, ನನ್ನ ಮಗ ಈಗ ಎತ್ತುತ್ತಾನೆ" ಅಂತ ಬೇಡಿಕೊಂಡಳು. ನನಗೆ ತುಂಬಾ ಸಂಕಟವಾಯಿತು.

ನೀನು ಕೆಟ್ಟವನಲ್ಲ. ಒಳ್ಳೇದಾಗಲಿ ಅಂತಲೇ ನೀನು ಎಲ್ಲಕ್ಕೂ ನಿನ್ನ ನಂಬರ್ ಕೊಟ್ಟೆ. ಬ್ಯಾಂಕು, ಗ್ಯಾಸು, ಕರೆಂಟ್ ಬಿಲ್ಲು ಎಲ್ಲ. ಆದರೆ ಹೀಗಾದಾಗ ಅವಳ ಮನೆಯ ಬೀಗದ ಕೈ ನಿನ್ನ ಜೇಬಿಗೆ ಹೋಯಿತು ಅಲ್ವಾ? ಇನ್ನೊಂದು ಮಾತು. ಇಷ್ಟು ವರ್ಷದಲ್ಲಿ ಅವಳಿಗೆ ನೀನು ಒಂದೇ ಒಂದು ಹೊಸ ಫೋನ್ ಕೊಡಿಸಿಲ್ಲ. ನಿನಗೆ ಬೇಡವಾದದ್ದೇ ಅವಳಿಗೆ ಬರುತ್ತದೆ. ಗಾಜು ಬಿರಿದಿರುತ್ತದೆ, ಜಾಗ ತುಂಬಿರುತ್ತದೆ. ಅದು ನಿಂತುಹೋದಾಗ ತನಗೇ ಬರುವುದಿಲ್ಲ ಅಂತ ಅವಳು ತಿಳಿದುಕೊಳ್ಳುತ್ತಾಳೆ. ಕೆಟ್ಟಿರುವುದು ಬ್ಯಾಟರಿ, ಅವಳ ಬುದ್ಧಿಯಲ್ಲ. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳು.

ಹಾಗಾಗಿ ನನ್ನ ಮಾತು ಇಷ್ಟು. ಮಡಿಸುವ ಫೋನ್ ತಗೋ, ಆದರೆ ಅಮ್ಮನ ಫೋನ್ ಮೊದಲು ಬರಲಿ. ದುಬಾರಿಯದು ಬೇಡ, ಹೊಸದಾಗಿರಲಿ. ಪೆಟ್ಟಿಗೆ ಅವಳೇ ಬಿಚ್ಚಲಿ. ಭಾಷೆ ಕನ್ನಡಕ್ಕೆ ಹಾಕಿಕೊಡು, ಅಕ್ಷರ ದೊಡ್ಡದು ಮಾಡು. ಮಾತಾಡಿದರೆ ಕನ್ನಡದಲ್ಲೇ ಟೈಪ್ ಆಗುವುದನ್ನು ತೋರಿಸು. ಗ್ಯಾಸ್ ಏಜೆನ್ಸಿಯಲ್ಲಿ ಅವಳ ನಂಬರ್ ಹಾಕಿಸು. ನಮ್ಮ ಮಾರ್ಕೆಟ್ಟಿನ ಹೂವಿನವಳನ್ನು ನೋಡಿದ್ದೀಯಲ್ಲ? ಅಕ್ಷರ ಬರುವುದಿಲ್ಲ, ಆದರೂ ದುಡ್ಡು ಬಂತು ಅಂತ ಡಬ್ಬಿ ಕನ್ನಡದಲ್ಲಿ ಕೂಗಿದರೆ ಸಾಕು, ಧೈರ್ಯವಾಗಿ ಮೊಳ ಹಾಕಿ ಕೊಡುತ್ತಾಳೆ. ಬರದೇ ಇರುವವರು ಯಾರೂ ಇಲ್ಲ. ಅವರಿಗೆ ಗೊತ್ತಾಗುವ ಹಾಗೆ ಹೇಳುವವರು ಬೇಕು.

ಓಟಿಪಿ ಯಾರಿಗೂ ಹೇಳಬಾರದು ಅಂತ ಹೆದರಿಸಿ ಬಿಡಬೇಡ. ಸಿಲಿಂಡರ್ ಬಾಗಿಲಿಗೆ ಬಂದಾಗ ಯಾಕೆ ಹೇಳಬೇಕು, ಬ್ಯಾಂಕಿನವರು ಅಂತ ಫೋನ್ ಮಾಡಿದವರಿಗೆ ಯಾಕೆ ಹೇಳಬಾರದು, ಎರಡನ್ನೂ ಬಿಡಿಸಿ ಹೇಳು. ಪೊಲೀಸರು ಅಂತ ವಿಡಿಯೋ ಕಾಲ್ ಬಂದು "ಡಿಜಿಟಲ್ ಅರೆಸ್ಟ್" ಅಂದರೆ ಇಟ್ಟುಬಿಡಲಿ. ಅಂಥದ್ದು ಕಾನೂನಿನಲ್ಲೇ ಇಲ್ಲ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆ ನಂಬರ್ ಅಡುಗೆಮನೆ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡು.

ನಿನ್ನ ಫೋನಿನ ಕಂತಿನ ಬಗ್ಗೆ ಒಂದು ಮಾತು. "ನೋ ಕಾಸ್ಟ್ ಇಎಂಐ" ಅಂದ ಕೂಡಲೇ ಬಡ್ಡಿ ಇಲ್ಲ ಅಂದುಕೊಳ್ಳಬೇಡ. ಸಾಮಾನ್ಯವಾಗಿ ಬಡ್ಡಿಯಷ್ಟು ಬೆಲೆ ಇಳಿಸಿ ತೋರಿಸಿರುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀಸು ನಿನ್ನ ತಲೆಗೇ ಬರುತ್ತವೆ. ಆರು ತಿಂಗಳು ಕಾದು ಕೈಯಲ್ಲಿ ದುಡ್ಡು ಹಿಡಿದು ಹೋಗು. ನಿನ್ನ ಡ್ರಾಯರಿನಲ್ಲಿ ಬಿದ್ದಿರುವ ಮೂರು ಫೋನುಗಳಲ್ಲಿ ಒಂದರ ಬ್ಯಾಟರಿ ಊದಿಕೊಂಡಿದೆ, ನಾನೇ ನೋಡಿದೆ. ಅದನ್ನು ಚುಚ್ಚಬೇಡ, ಚಾರ್ಜಿಗೆ ಹಾಕಬೇಡ, ಕಸದ ಗಾಡಿಗೂ ಹಾಕಬೇಡ. ಇ-ವೇಸ್ಟ್ ತೆಗೆದುಕೊಳ್ಳುವ ಕಡೆ ಕೊಟ್ಟು ಬಾ. ಈ ವಾರವೇ ಕೊಡು.

ಮುಂದಿನ ಭಾನುವಾರ ಇಬ್ಬರೂ ಬನ್ನಿ. ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಕೆ.ಆರ್. ಪುರದವರೆಗೂ ನೇರಳೆ ಲೈನು, ಬದಲಾಯಿಸುವ ಗೋಜಿಲ್ಲ. ಅಮ್ಮನೇ ತನ್ನ ಫೋನಿನಲ್ಲಿ ಇಬ್ಬರಿಗೂ ಟಿಕೆಟ್ ತೆಗೆಯಲಿ. ತಡವಾದರೂ ಪರವಾಗಿಲ್ಲ, ನೀನು ಪಕ್ಕದಲ್ಲಿ ನಿಂತಿರು, ಫೋನ್ ಕಿತ್ತುಕೊಳ್ಳಬೇಡ. ಒಳ್ಳೇ ಸೊಗಡಿನ ಅವರೆಕಾಯಿ ಬಂದಿದೆ, ಹಿತಕಬೇಳೆ ಸಾರು ಮಾಡಿರುತ್ತೇನೆ. ಊಟ ಆದ ಮೇಲೆ ಮೂವರೂ ಅಂಗಡಿಗೆ ಹೋಗಿ ಆ ಮಡಿಸುವ ಫೋನನ್ನು ಕೈಯಲ್ಲಿ ಹಿಡಿದು ನೋಡೋಣ. ಕೀಲಿನ ಸದ್ದು ನನಗೆ ಕೇಳಬೇಕು.

ಇಂತಿ,
ನಿನ್ನ ದೊಡ್ಡಮ್ಮ