ಮನೆಯಲ್ಲಿ ಜೋಡಿಸಿದ್ದಕ್ಕೆ ವಾರಂಟಿ ಇಲ್ಲ ಅಂದರೆ ಹೇಗೆ?

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ಕಿಟ್‌ನ ಕ್ರ್ಯಾಂಕ್ ಆಯಿಲ್ ಸೀಲ್ ಹಾಳಾಗಿ ಇಂಜಿನ್ ಸೀಜ್ ಆಗಿರುವ ಬಗ್ಗೆ ಮತ್ತು ವಾರಂಟಿ ನಿರಾಕರಿಸಿರುವ ಬಗ್ಗೆ ದೂರು

ಮಾನ್ಯರೇ,

ನನ್ನ ಬಳಿ ಇರುವುದು ಜಾವಾ 250, 353 ಮಾದರಿಯ ಬೈಕು. ಅದರ ಇಂಜಿನ್ ಪೂರ್ತಿ ಬಿಚ್ಚಿ ಸರಿ ಮಾಡಲು ನಿಮ್ಮಿಂದ ಓವರ್‌ಹಾಲ್ ಕಿಟ್ ತರಿಸಿದ್ದೆ. ಆ ಕಿಟ್‌ನಲ್ಲಿದ್ದ ಡೈನಮೋ ಕಡೆಯ ಆಯಿಲ್ ಸೀಲ್, ಅಂದರೆ ಕ್ರ್ಯಾಂಕ್ ಶಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ, ಕೈಕೊಟ್ಟು ಇಂಜಿನ್ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡಿತು. ಫೋಟೋ ಸಮೇತ ದೂರು ಕೊಟ್ಟೆ. ನಿಮ್ಮಿಂದ ಬಂದದ್ದು ಒಂದೇ ಸಾಲು: "ಬಿಡಿಭಾಗವನ್ನು ಅಧಿಕೃತ ಮೆಕ್ಯಾನಿಕ್ ಜೋಡಿಸಿಲ್ಲವಾದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ." ನಿಜ ಹೇಳಬೇಕೆಂದರೆ, ಸೀಲ್ ಹಾಳಾಗಿದ್ದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಈ ಸಾಲಿಗೆ.

ನಿಮ್ಮ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ಮನೆಯಲ್ಲೇ ಜೋಡಿಸಿ" ಎಂದು ಅಚ್ಚಾಗಿದೆ. ಒಳಗಿರುವ ಕೈಪಿಡಿಯಲ್ಲಿ ಸ್ಪ್ಯಾನರ್ ಹಿಡಿದ ಕೈಯ ಚಿತ್ರಗಳಿವೆ. ಮಾರುವಾಗ ಮನೆಯವರು ಬೇಕು, ದೂರು ಬಂದಾಗ ಮಾತ್ರ ಅಧಿಕೃತ ಮೆಕ್ಯಾನಿಕ್ ಬೇಕು, ಅಲ್ವಾ? ಅದೂ ಯಾವ ಬೈಕಿಗೆ? 353 ಮಾದರಿ ಜೆಕೊಸ್ಲೊವಾಕಿಯಾದಲ್ಲಿ 1954ರಲ್ಲಿ ಬಂದದ್ದು. ಅದರ ಉತ್ಪಾದನೆ ನಿಂತು ಅರ್ಧ ಶತಮಾನ ದಾಟಿದೆ. ಜೆಕೊಸ್ಲೊವಾಕಿಯಾ ಎಂಬ ದೇಶವೇ ಈಗಿಲ್ಲ. ಈ ಇಂಜಿನ್ನಿಗೆ ಅಧಿಕೃತ ಮೆಕ್ಯಾನಿಕ್ ಯಾರು, ಅವರಿಗೆ ಅಧಿಕಾರ ಕೊಡುವವರು ಯಾರು, ದಯವಿಟ್ಟು ನೀವೇ ತಿಳಿಸಿ.

ಇನ್ನು ಆಗಿದ್ದೇನು ಅಂತ ಹೇಳುತ್ತೇನೆ. ನಿಮ್ಮ ಚಾಟ್‌ನಲ್ಲಿ ಉತ್ತರಿಸಿದವರು "ಸ್ವಲ್ಪ ಎಣ್ಣೆ ಸೋರಿದರೆ ಇಂಜಿನ್ ಸೀಜ್ ಆಗುವುದಿಲ್ಲ ಸರ್" ಎಂದಿದ್ದರು. ಹಾಗಾಗಿ ಇದನ್ನು ತಾಂತ್ರಿಕ ವಿಭಾಗದವರು ಓದಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಸೀಲ್ ಇರುವುದು ಬರೀ ಎಣ್ಣೆ ತಡೆಯುವುದಕ್ಕಲ್ಲ. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ತಿರುಗುವ ಮುಚ್ಚಿದ ಗೂಡು) ಒಳಗೆ ಎಳೆತ, ಕೆಳಗೆ ಬಂದಾಗ ಒತ್ತಡ. ಕಾರ್ಬೊರೇಟರಿನಿಂದ ಪೆಟ್ರೋಲ್ ಮಿಶ್ರಣ ಒಳಗೆ ಬರುವುದೂ, ಅದು ಸಿಲಿಂಡರಿಗೆ ಏರುವುದೂ ಈ ಎಳೆತ, ಒತ್ತಡದ ಬಲದಿಂದಲೇ. ಸೀಲ್ ಎರಡನ್ನೂ ತಡೆದು ನಿಲ್ಲಬೇಕು. ಈ ಬೈಕಿನಲ್ಲಿ ಎಡಗಡೆಯ ಸೀಲ್ ಹೋದರೆ ಪ್ರೈಮರಿ ಚೈನ್ ಕಡೆಯ ಎಣ್ಣೆಯನ್ನು ಇಂಜಿನ್ ಎಳೆದುಕೊಳ್ಳುತ್ತದೆ. ಸೈಲೆನ್ಸರಿನಿಂದ ಗಬ್ಬೆಂದು ಹೊಗೆ ಬರುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಬಲಗಡೆ, ಡೈನಮೋ ಹಿಂದಿನ ಸೀಲ್ ಹೋದರೆ ಒಳಗೆ ಬರುವುದು ಸುಮ್ನೆ ಗಾಳಿ. ಹೊಗೆಯಿಲ್ಲ, ಕಲೆಯಿಲ್ಲ. ಮಿಶ್ರಣದಲ್ಲಿ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ, ಪಿಸ್ಟನ್ ಕಾಯುತ್ತದೆ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಓಡಿಸುವ ಇಂಜಿನ್ ಇದು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತು ಎಂದೇ ಲೆಕ್ಕ.

ನನ್ನ ಬೈಕಿನಲ್ಲಿ ಆಗಿದ್ದು ಇದೇ. ಜೋಡಿಸಿದ ಮೇಲೆ ಇಂಜಿನ್ ಚೆನ್ನಾಗಿಯೇ ಶುರುವಾಯಿತು. ಐಡಲಿಂಗ್ ಒಂದೇ ಸಮನೆ ಇತ್ತು, ಪ್ಲಗ್ ತೆಗೆದು ನೋಡಿದಾಗ ಕಂದು ಬಣ್ಣವಿತ್ತು, ಅಂದರೆ ಆಗ ಮಿಶ್ರಣ ಸರಿಯಾಗಿಯೇ ಇತ್ತು. ಹೊಸ ಪಿಸ್ಟನ್ ಪಳಗುವ ರನ್ನಿಂಗ್-ಇನ್ ಸಮಯವಾದ್ದರಿಂದ ನಿಧಾನವಾಗಿಯೇ ಓಡಿಸುತ್ತಿದ್ದೆ. ಒಂದು ದಿನ ಹೊರಗೆ ಹೋದಾಗ, ಥ್ರಾಟಲ್ ಬಿಟ್ಟರೂ ಇಂಜಿನ್ನಿನ ಸದ್ದು ಇಳಿಯಲಿಲ್ಲ. ಬದಿಗೆ ನಿಲ್ಲಿಸೋಣ ಎನ್ನುವಷ್ಟರಲ್ಲಿ ಹಿಂದಿನ ಚಕ್ರ ಗಕ್ಕನೆ ಕಚ್ಚಿಕೊಂಡಿತು. ಕ್ಲಚ್ ಹಿಡಿದಿದ್ದರಿಂದ ಬೀಳಲಿಲ್ಲ. ಮಳೆ ಬಂದು ರಸ್ತೆ ಒದ್ದೆಯಾಗಿದ್ದರೆ ಈ ಪತ್ರವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತೋ ಏನೋ.

ಮನೆಗೆ ತಂದ ಮೇಲೆ ಕೂಡಲೇ ಸಿಲಿಂಡರ್ ಬಿಚ್ಚಲು ಹೋಗಲಿಲ್ಲ. ಮೊದಲು ಇಂಜಿನ್ ಆರಲು ಬಿಟ್ಟೆ. ಕಾರ್ಬೊರೇಟರ್ ಮತ್ತು ಎರಡೂ ಸೈಲೆನ್ಸರ್ ತೆಗೆದು ಎಲ್ಲ ಬಾಯಿಗಳನ್ನೂ ರಬ್ಬರ್ ಇಟ್ಟು ಬಿಗಿಯಾಗಿ ಮುಚ್ಚಿದೆ. ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಗಾಳಿ ತುಂಬಿದೆ. ಟೂ ಸ್ಟ್ರೋಕ್ ಕೆಲಸ ಗೊತ್ತಿರುವ ಎಲ್ಲರೂ ಮಾಡುವ ಪರೀಕ್ಷೆ ಇದು. ಸೀಲ್ ಚೆನ್ನಾಗಿದ್ದರೆ ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಲವು ನಿಮಿಷವಾದರೂ ಅಲ್ಲಾಡದೆ ನಿಲ್ಲಬೇಕು. ಇಲ್ಲಿ ಕೈ ತೆಗೆದ ಕೂಡಲೇ ಮುಳ್ಳು ಸೊನ್ನೆಗೆ ಬಂತು. ಸೋಪು ನೀರು ಹಚ್ಚಿದರೆ ಗ್ಯಾಸ್ಕೆಟ್ ಸುತ್ತ ಒಂದು ಗುಳ್ಳೆಯೂ ಇಲ್ಲ. ಡೈನಮೋ ತೆಗೆದು ಅದರ ಹಿಂದೆ ಹಚ್ಚಿದಾಗ ಶಾಫ್ಟಿನ ಸುತ್ತ ನೊರೆ ಉಕ್ಕಿತು. ಸೀಲಿನ ತುಟಿ ಊದಿಕೊಂಡು ಸುಕ್ಕುಗಟ್ಟಿತ್ತು. ಅದನ್ನು ಶಾಫ್ಟಿಗೆ ಒತ್ತಿ ಹಿಡಿಯಬೇಕಾದ ಸಣ್ಣ ಸುತ್ತು ಸ್ಪ್ರಿಂಗ್ ತಾನು ಕೂರುವ ಕಾಲುವೆಯಿಂದ ಹೊರಗೆ ಬಂದಿತ್ತು. ವಿಡಿಯೋ ಕಳಿಸಿದ್ದೇನೆ.

"ಜೋಡಿಸುವಾಗ ನೀವೇ ತುಟಿ ಹರಿದಿರಬೇಕು" ಎಂದು ನೀವು ಹೇಳಬಹುದು. ಅದಕ್ಕೂ ಉತ್ತರ ಇದೆ. ಹಳೆಯ ಬೈಕು ಇಟ್ಟುಕೊಂಡವರು ಸಾಮಾನು ಸಿಕ್ಕಾಗ ಎರಡೆರಡು ತೆಗೆದಿಡುತ್ತಾರೆ. ನಾನೂ ಅದೇ ಬ್ಯಾಚಿನ ಇನ್ನೊಂದು ಜೊತೆ ಸೀಲ್ ತರಿಸಿದ್ದೆ. ಪ್ಯಾಕೆಟ್ ಒಡೆದಿರಲಿಲ್ಲ. ಅದನ್ನು ಕ್ಯಾಮೆರಾ ಎದುರಿಗೇ ಒಡೆದು, ಒಂದು ಸೀಲನ್ನು ನನ್ನ ಟ್ಯಾಂಕಿನ ಪೆಟ್ರೋಲ್ ಮಿಶ್ರಣದಲ್ಲೇ ಒಂದು ರಾತ್ರಿ ನೆನೆಹಾಕಿದೆ. ಹೋಲಿಕೆಗೆ ಅಂತ ಬೇರೆ ಕಡೆ ತಂದ ಸಾಮಾನ್ಯ ನೈಟ್ರೈಲ್ ರಬ್ಬರಿನ ಸೀಲನ್ನೂ ಅದೇ ಡಬ್ಬಿಗೆ ಹಾಕಿದೆ. ಬೆಳಿಗ್ಗೆ ನೈಟ್ರೈಲ್ ಸೀಲ್ ಹಾಕಿದ ಹಾಗೇ ಇತ್ತು. ನಿಮ್ಮದು ಮೆತ್ತಗಾಗಿ ಊದಿತ್ತು. ಹಿಂದಿನ ದಿನ ಶಾಫ್ಟಿಗೆ ಬಿಗಿಯಾಗಿ ಕೂರುತ್ತಿದ್ದ ಸೀಲ್, ಈಗ ದೊಡ್ಡ ಅಳತೆಯ ಬಳೆಯ ಹಾಗೆ ತಾನಾಗಿಯೇ ಜಾರಿ ಬಿತ್ತು. ನಾನು ಬಿಚ್ಚಿ ಎಸೆದಿದ್ದ ಹಳೆಯ ಕಲ್ಲಿನಂಥ ಸೀಲೇ ಇದಕ್ಕಿಂತ ವಾಸಿ.

ನಿಮ್ಮ ಪ್ಯಾಕೆಟ್ಟಿನ ಮೇಲೆ ಇರುವುದು "ಎಫ್‌ಕೆಎಂ" ಎಂದು. ಜನ ಸಾಮಾನ್ಯವಾಗಿ ವೈಟಾನ್ ಎನ್ನುವ ಜಾತಿಯ ರಬ್ಬರ್ ಅದು. ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿ ತಡೆಯುತ್ತದೆ, ಪೆಟ್ರೋಲಿಗೆ ಹೀಗೆ ಊದುವುದಿಲ್ಲ. ಒಂದೇ ರಾತ್ರಿಯಲ್ಲಿ ಹೀಗಾದದ್ದು ಎಫ್‌ಕೆಎಂ ಆಗಿರಲು ಸಾಧ್ಯವೇ ಇಲ್ಲ. ಅಂದರೆ ಪ್ಯಾಕೆಟ್ಟಿನ ಮೇಲೆ ಒಂದು, ಒಳಗೆ ಇನ್ನೊಂದು. ನಿಮಗೆ ಸರಬರಾಜು ಮಾಡಿದವರು ನಿಮ್ಮನ್ನೂ ಮೋಸ ಮಾಡಿರಬಹುದು. ಅದು ನಿಮ್ಮ ಮತ್ತು ಅವರ ನಡುವಿನ ವಿಷಯ.

ಎಣ್ಣೆ ಕಡಿಮೆ ಹಾಕಿದ್ದೀರಿ ಎಂಬ ಮಾತೂ ನಿಮ್ಮ ಕಡೆಯಿಂದ ಬಂತು. ರನ್ನಿಂಗ್-ಇನ್ ಎಂದು ಲೀಟರಿಗೆ 50 ಎಂಎಲ್ ಎಣ್ಣೆಯನ್ನು ಅಳತೆ ಲೋಟದಲ್ಲೇ ಹಾಕಿದ್ದೇನೆ. ಸಿಲಿಂಡರ್ ಬಿಚ್ಚಿದಾಗ ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್ ಎಣ್ಣೆಯಲ್ಲಿ ಒದ್ದೆಯಾಗಿತ್ತು, ಬಿಸಿಗೆ ನೀಲಿಗಟ್ಟಿರಲಿಲ್ಲ. ಪಿಸ್ಟನ್ ಉಜ್ಜಿರುವುದು ಎಗ್ಸಾಸ್ಟ್ ಕಡೆಯಲ್ಲಿ. ಫೋಟೋ ನೋಡಿದ ಯಾವ ಮೆಕ್ಯಾನಿಕ್ಕೂ, ಅಧಿಕೃತ ಆಗಿರಲಿ ಬಿಡಲಿ, ಇದು ಗಾಳಿ ಸೇರಿ ಪಿಸ್ಟನ್ ಕಾದು ಆದದ್ದು ಅಂತ ಹೇಳುತ್ತಾನೆ.

ಈಗ ನಷ್ಟದ ಮಾತು. ಸೀಲಿನ ಹಣ ವಾಪಸ್ ಕೊಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಈ ಇಂಜಿನ್ನಿನ ಮೂಲ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿ.ಮೀ. ಸವೆದಿದ್ದ ಸಿಲಿಂಡರನ್ನು ಲೇತ್‌ನಲ್ಲಿ ಕೊಟ್ಟು 65.25ಕ್ಕೆ ರೀಬೋರ್ ಮಾಡಿಸಿ, ಅದಕ್ಕೆ ಸರಿಯಾದ ಪಿಸ್ಟನ್ ಹಾಕಿದ್ದೆ. ಈಗ ಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದೆ. 65.50ಕ್ಕೆ ಹೋಗಲೇಬೇಕು. ಪ್ರತಿ ರೀಬೋರಿಗೂ ಗೋಡೆ ತೆಳುವಾಗುತ್ತದೆ. ಕೆಲವು ಸಲವಾದ ಮೇಲೆ ಆ ಸಿಲಿಂಡರಿಗೆ ಹೊಸ ಲೈನರ್, ಅಂದರೆ ಒಳಗೋಡೆ, ಹಾಕಿಸದೆ ಬೇರೆ ದಾರಿ ಇರುವುದಿಲ್ಲ. ವರ್ಷಗಟ್ಟಲೆ ಓಡಬೇಕಿದ್ದ ಒಂದು ಬೋರ್ ರನ್ನಿಂಗ್-ಇನ್ ಕೂಡ ಮುಗಿಸದೆ ಹೋಯಿತು. ಇದನ್ನು ಯಾವ ಬಿಲ್ಲಿನಲ್ಲಿ ತೋರಿಸಲಿ?

ಜೊತೆಗೆ ನಿಮ್ಮ "7 ದಿನದೊಳಗೆ ವಾಪಸ್" ನಿಯಮ. ಹಳೆಯ ಬೈಕಿನ ಕೆಲಸ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತಿಲ್ಲದ್ದೇನಲ್ಲ. ಫ್ರೇಮ್ ಬಣ್ಣಕ್ಕೆ ಹೋಗುತ್ತದೆ, ಟ್ಯಾಂಕ್ ಕ್ರೋಮಿಗೆ ಹೋಗುತ್ತದೆ, ಒಂದು ನಟ್ಟಿಗಾಗಿ ತಿಂಗಳು ಕಾಯಬೇಕಾಗುತ್ತದೆ. ತರಿಸಿದ ಕಿಟ್ ಅಷ್ಟು ದಿನ ಕಪಾಟಿನಲ್ಲಿರುತ್ತದೆ. ರಬ್ಬರ್ ಯಾವುದು ಅಂತ ಪೆಟ್ರೋಲ್ ತಾಗಿದ ಮೇಲೆಯೇ ಗೊತ್ತಾಗುವುದು. 7 ದಿನದಲ್ಲಿ ಪ್ಯಾಕೆಟ್ ಹರಿದಿದೆಯೋ ಇಲ್ಲವೋ ನೋಡಬಹುದು, ಅಷ್ಟೇ.

ನಿಮ್ಮ ಎಲ್ಲ ಸಾಮಾನೂ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಬ್ರೇಕ್ ಶೂ ಚೆನ್ನಾಗಿ ಕೂತಿವೆ. ಗ್ಯಾಸ್ಕೆಟ್‌ಗಳೂ ಗಟ್ಟಿ. ಈ ಮಾದರಿಗೆ ಇಷ್ಟು ಬಿಡಿಭಾಗ ಒಂದೇ ಕಡೆ ಸಿಗುವುದು ಅಪರೂಪ, ಅದಕ್ಕೇ ನಿಮ್ಮ ಹತ್ತಿರ ಬಂದದ್ದು.

ನನಗೆ ಬೇಕಾಗಿರುವುದು ಇಷ್ಟು. ಎರಡೂ ಜೊತೆ ಸೀಲಿನ ಹಣ, ಹೊಸ ಓವರ್‌ಸೈಜ್ ಪಿಸ್ಟನ್ ಮತ್ತು ರಿಂಗ್, ರೀಬೋರಿನ ಖರ್ಚು ನೀವು ಕೊಡಬೇಕು. ಲೇತ್‌ನವರ ಹಳೆಯ ಬಿಲ್ಲನ್ನೂ ನಿಮ್ಮ ಬಿಲ್ಲನ್ನೂ ಲಗತ್ತಿಸಿದ್ದೇನೆ. ಇದಕ್ಕಿಂತ ಮುಖ್ಯವಾಗಿ, ಈ ಬ್ಯಾಚಿನ ಸೀಲ್ ಕೊಂಡ ಎಲ್ಲರಿಗೂ ನೀವು ಕೂಡಲೇ ತಿಳಿಸಬೇಕು. ಅವರ ವಿಳಾಸ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಚಕ್ರ ಕಚ್ಚಿಕೊಂಡಾಗ ಎಲ್ಲರ ಕೈಯೂ ಕ್ಲಚ್ ಮೇಲೆ ಇರುವುದಿಲ್ಲ. ಮತ್ತೆ, ಆ ಅಧಿಕೃತ ಮೆಕ್ಯಾನಿಕ್ ಷರತ್ತನ್ನು ತೆಗೆಯಿರಿ. ತೆಗೆಯಲು ಆಗದಿದ್ದರೆ ಡಬ್ಬಿಯ ಮೇಲಿನ "ಮನೆಯಲ್ಲೇ ಜೋಡಿಸಿ" ಅಳಿಸಿ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ.

ಪರೀಕ್ಷೆಗೆ ಬೇಕೆಂದರೆ ನೆನೆಹಾಕಿ ಊದಿದ ಸೀಲನ್ನು ಕಳಿಸಿಕೊಡುತ್ತೇನೆ, ರಸೀದಿ ಕೊಟ್ಟರೆ ಮಾತ್ರ. ಇಂಜಿನ್ನಿನಿಂದ ತೆಗೆದದ್ದು ಮತ್ತು ನೆನೆಹಾಕದ ಇನ್ನೊಂದು ನನ್ನ ಹತ್ತಿರವೇ ಇರುತ್ತವೆ. ಗ್ರಾಹಕ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ಅವು ಬೇಕಾಗುತ್ತವೆ. ಉತ್ತರವನ್ನು ಚಾಟ್‌ನಲ್ಲಿ ಕೊಡಬೇಡಿ. ಜವಾಬ್ದಾರಿ ಇರುವ ಒಬ್ಬರು ಸಹಿ ಮಾಡಿದ ಪತ್ರದಲ್ಲಿ, 15 ದಿನದೊಳಗೆ ಕಳಿಸಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲುಗಳ ಪ್ರತಿ, ಪಿಸ್ಟನ್ ಮತ್ತು ಸಿಲಿಂಡರಿನ ಫೋಟೋ, ಗಾಳಿ ಪರೀಕ್ಷೆ ಹಾಗೂ ಸೀಲ್ ನೆನೆಹಾಕಿದ ವಿಡಿಯೋ