ಪದಕವಷ್ಟೇ ಅಳತೆಗೋಲಲ್ಲ

ವಿಜಯಪುರ, ಬಾಗಲಕೋಟೆ ಭಾಗದ ಬಾಲ ಸೈಕ್ಲಿಸ್ಟ್ ಪದಕ ಗೆದ್ದೊಡನೆ ‘ಭಾವಿ ಒಲಿಂಪಿಯನ್’ ಎಂದು ಹೊಗಳುವುದೂ, ನಾಲ್ಕನೆಯವನಾಗಿ ಬಂದವನನ್ನು ಮರೆಯುವುದೂ ಸರಿಯಲ್ಲ. ಹದಿನೈದರ ಹರೆಯದಲ್ಲಿ ಬೇಗ ಬೆಳೆದ ಮೈಕಟ್ಟೇ ಎಷ್ಟೋ ರೇಸ್ ಗೆಲ್ಲಿಸಿಬಿಡುತ್ತದೆ. ಉಳಿದವರೂ ಬೆಳೆದಾಗ ಆ ಅಂತರ ಕರಗುತ್ತದೆ. ಸ್ಲೊವೇನಿಯಾದ ಸೈಕ್ಲಿಸ್ಟ್ ತಡೇಯ್ ಪೊಗಾಚರ್ ಬಾಲ್ಯದಲ್ಲಿ ದೊಡ್ಡ ಹುಡುಗರ ನಡುವೆ ಕುಳ್ಳಗಿದ್ದವರು. ರೇಸೊಂದರಲ್ಲಿ ಅವರು ಗುಂಪಿನ ಹಿಂದಿದ್ದುದನ್ನು ಕಂಡ ತರಬೇತುದಾರರು, ಪಾಪ, ಹುಡುಗ ಸೋತಿದ್ದಾನೆ ಎಂದುಕೊಂಡರಂತೆ. ಅಸಲಿಗೆ ಪೊಗಾಚರ್ ಒಂದು ಸುತ್ತು ಮುಂದಾಗಿ ಗುಂಪನ್ನು ಹಿಂದಿನಿಂದ ಹಿಡಿಯುವುದರಲ್ಲಿದ್ದರು! 2020ರಲ್ಲಿ, 21ನೇ ವಯಸ್ಸಿಗೇ ಸೈಕ್ಲಿಂಗ್‌ನ ಪ್ರತಿಷ್ಠಿತ ರೇಸ್ ಟೂರ್ ಡಿ ಫ್ರಾನ್ಸ್ ಗೆದ್ದರು.

ಕ್ರೀಡಾ ವಸತಿ ನಿಲಯಗಳ ಆಯ್ಕೆಯಲ್ಲಿ ಒಂದು ದಿನದ ಫಲಿತಾಂಶವನ್ನಷ್ಟೇ ನೋಡದೆ, ಮಕ್ಕಳ ಬೆಳವಣಿಗೆಯ ಹಂತ, ತರಬೇತಿ ಪಡೆದ ಅವಧಿ, ದೇಹತೂಕಕ್ಕೆ ತಕ್ಕ ಶಕ್ತಿ ಇವನ್ನೂ ದಾಖಲಿಸಿ, ಎರಡು ಮೂರು ವರ್ಷ ಗಮನಿಸಿ ನಿರ್ಧರಿಸುವ ಪದ್ಧತಿಯನ್ನು ಕ್ರೀಡಾ ಇಲಾಖೆ ಜಾರಿಗೆ ತರಲಿ.

– ಒಬ್ಬ ಓದುಗ, ವಿಜಯಪುರ